ದಯಾಮಯನು ಜೀವನಿಗೆ ಸ್ವಾತಂತ್ರ್ಯವನ್ನೇಕೆ ಕೊಟ್ಟನು?

ಪ್ರಶ್ನೆಯ ಸ್ವರೂಪ

ಹೊಸೂರಿಗೆ ಸಮೀಪದ ತೊರಪಲ್ಲಿ ಅಗ್ರಹಾರದಲ್ಲಿ, ಗ್ರಾಮದ ಮುನ್ಸೀಫರಾಗಿದ್ದ ಶ್ರೀವೈಷ್ಣವ ಗೃಹಸ್ಥರೊಬ್ಬರ ಮನೆಯಲ್ಲಿ 1878ನೆಯ ಇಸವಿ ಡಿಸೆಂಬರ್ 10ರಂದು ಜನಿಸಿ, ಹೊಸೂರಿನ ಶಾಲೆಯಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ, ಸೇಲಂನಲ್ಲಿ ವಕೀಲರಾಗಿ, ಮದರಾಸು ಪ್ರಾಂತದ ಪ್ರಧಾನಿಗಳಾಗಿ, ಕಡೆಗೆ ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಯನ್ನೇರಿದ ಚಕ್ರವರ್ತಿ ರಾಜಗೋಪಾಲಾಚಾರ್ಯರ ಬಾಳಿನಲ್ಲಿ ಎರಡು ಕಾರ್ಯಗಳು ಒಂದಕ್ಕೊಂದು ಎದುರಾಗಿ ನಿಂತಿರುವಂತೆ ತೋರುತ್ತವೆ. ಮೊದಲನೆಯದು, ಹೊಸೂರು ಸೀಮೆಯನ್ನೂ ಆಗ ಒಳಗೊಂಡಿದ್ದ ಸೇಲಂ ಜಿಲ್ಲೆಯಲ್ಲಿ 1937ರ ಅಕ್ಟೋಬರ್ 1ರಿಂದ ಅವರು ಪಾನನಿರೋಧವನ್ನು ಜಾರಿಗೆ ತಂದುದು. ಎರಡನೆಯದು, ಸರ್ಕಾರದ ಕೈ ಪ್ರಜೆಯ ಬಾಳಿನೊಳಕ್ಕೆ ಮಿತಿಮೀರಿ ಚಾಚುತ್ತಿದೆಯೆಂಬ ಆಕ್ಷೇಪವನ್ನೆತ್ತಿ 1959ರಲ್ಲಿ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದುದು. ತಡೆಯುವುದೂ ದಯೆ, ಬಿಟ್ಟುಕೊಡುವುದೂ ದಯೆ ಎಂಬ ಈ ಇಬ್ಬಂದಿಯು ಒಬ್ಬ ರಾಜಕಾರಣಿಗೆ ಮಾತ್ರ ಸಂಬಂಧಿಸಿದುದಲ್ಲ. ಜಗತ್ತನ್ನಾಳುವವನ ವಿಷಯದಲ್ಲಿಯೂ ಮನುಷ್ಯನು ಬಹುಕಾಲದಿಂದ ಇದನ್ನೇ ಕೇಳುತ್ತ ಬಂದಿದ್ದಾನೆ.

ಸೇಂದಿ ಸಾರಾಯಿಗಳ ಅಂಗಡಿಗಳನ್ನು ಮುಚ್ಚಿಸಿದ ಆಡಳಿತಗಾರನು ತನ್ನ ಪಕ್ಷವನ್ನು ಸಮರ್ಥಿಸಿಕೊಳ್ಳುವುದು ಕಷ್ಟವಲ್ಲ. ದಿನಗೂಲಿಯನ್ನು ಪಂಚೆಯ ಸೆರಗಿಗೆ ಗಂಟು ಹಾಕಿಕೊಂಡು ಮನೆಯ ಕಡೆಗೆ ಹೊರಟವನು ನಡುದಾರಿಯ ಪಡಖಾನೆಯ ಮುಂದೆ ಒಂದು ಗಳಿಗೆ ನಿಂತು ಒಳಕ್ಕೆ ಹೋದರೆ, ಆ ನಿರ್ಧಾರವು ಅವನದೇ ಆದರೂ ಅದರ ಬೆಲೆಯನ್ನು ತೆರುವವರು ಹಚ್ಚದ ಒಲೆಯ ಮುಂದೆ ಕಾದು ಕುಳಿತ ಹೆಂಡತಿ ಮಕ್ಕಳು. ಅವರಿಗಾಗಿ ಮದರಾಸು ಸರ್ಕಾರವು ಅಬ್ಕಾರಿಯ ವರಮಾನವನ್ನು ಕಳೆದುಕೊಳ್ಳಲು ಒಪ್ಪಿ, ಆ ಕೊರತೆಯನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆಯನ್ನು ಹೊಸದಾಗಿ ಹೇರಿತು. ಮಿತವಾದ ಶಕ್ತಿಯ ಒಂದು ಪ್ರಾಂತ ಸರ್ಕಾರಕ್ಕೆ ಇಷ್ಟು ತೋರಿದ ಮೇಲೆ, ಎಲ್ಲವನ್ನೂ ಬಲ್ಲವನೂ ಎಲ್ಲವನ್ನೂ ಮಾಡಬಲ್ಲವನೂ ಎಲ್ಲರನ್ನೂ ಪ್ರೀತಿಸುವವನೂ ಆದ ದೇವರು ಪಾಪದ ಅಂಗಡಿಯನ್ನೇ ಏಕೆ ಮುಚ್ಚಿಸಲಿಲ್ಲ? ಕೆಡಲು ಸಾಧ್ಯವಿರುವ ಸಂಕಲ್ಪವೊಂದನ್ನು ಮನುಷ್ಯನೊಳಗೆ ಏಕೆ ಇರಿಸಿದನು?

ಈ ಪ್ರಶ್ನೆಯೊಳಗೆ ಮೂರು ಎಳೆಗಳು ಹೆಣೆದುಕೊಂಡಿವೆ: ದೇವರ ಜ್ಞಾನ, ದೇವರ ದಯೆ, ಜೀವನ ಸ್ವಾತಂತ್ರ್ಯ. ಇವುಗಳಲ್ಲಿ ಯಾವುದಾದರೂ ಎರಡನ್ನು ಪೂರ್ಣವಾಗಿ ಹಿಡಿದರೆ ಮೂರನೆಯದು ಸಡಿಲವಾಗುವುದು. ಇದುವರೆಗೆ ಹುಟ್ಟಿದ ಮತಗಳನ್ನು ಯಾವುದನ್ನು ಬಿಗಿಯಾಗಿ ಹಿಡಿದವು, ಯಾವುದನ್ನು ಸಡಿಲಿಸಲು ಒಪ್ಪಿದವು ಎಂಬುದರಿಂದಲೇ ವಿಂಗಡಿಸಬಹುದು. ಹೊಸೂರಿನ ಸುತ್ತಣ ನಾಡು ಇಂಥ ವಿಂಗಡಣೆಗೆ ಒದಗಿಬಂದಂತಿದೆ. ಅದರ ಪಶ್ಚಿಮಕ್ಕೆ ರಾಮಾನುಜರು ನೆಲಸಿದ್ದ ಮೇಲುಕೋಟೆ, ನೈರುತ್ಯಕ್ಕೆ ವೇದಾಂತ ದೇಶಿಕರಿಗೆ ಆಶ್ರಯವಿತ್ತ ಸತ್ಯಗಾಲ, ಈಶಾನ್ಯಕ್ಕೆ ಮಾಧ್ವ ಯತಿ ಶ್ರೀಪಾದರಾಜರ ಮುಳುಬಾಗಿಲು ಇರುವುವು. ಕನ್ನಡ, ತಮಿಳು, ತೆಲುಗುಗಳು ಕೂಡುವ ಈ ಎಲ್ಲೆಯಲ್ಲಿ ಒಂದೇ ಪ್ರಶ್ನೆಗೆ ಮೂರು ನಾಲ್ಕು ಉತ್ತರಗಳು ನೆರೆಹೊರೆಯಾಗಿ ಬಾಳಿವೆ.

ಪ್ರಾಚೀನ ಮೂಲಗಳು

ನಮ್ಮ ಪ್ರಾಚೀನ ಗ್ರಂಥಗಳು ಈ ವಿಷಯದಲ್ಲಿ ಒಂದೇ ಕಂಠದಿಂದ ಮಾತನಾಡುವುದಿಲ್ಲ. ಯಾರನ್ನು ಮೇಲಕ್ಕೆ ಕೊಂಡೊಯ್ಯಲು ಬಯಸುವನೋ ಅವನಿಂದ ಪುಣ್ಯವನ್ನೂ, ಯಾರನ್ನು ಕೆಳಕ್ಕೆ ತಳ್ಳಲು ಬಯಸುವನೋ ಅವನಿಂದ ಪಾಪವನ್ನೂ ಈಶ್ವರನೇ ಮಾಡಿಸುವನೆಂದು ಕೌಷೀತಕಿ ಉಪನಿಷತ್ತು ಎಳ್ಳಷ್ಟೂ ಅಳುಕಿಲ್ಲದೆ ಹೇಳುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಂತೂ, ಯಂತ್ರವನ್ನೇರಿದ ಗೊಂಬೆಗಳಂತೆ ಸರ್ವಭೂತಗಳನ್ನೂ ಈಶ್ವರನು ತಿರುಗಿಸುವನೆಂದು 61ನೆಯ ಶ್ಲೋಕದಲ್ಲಿ ನುಡಿದ ಶ್ರೀಕೃಷ್ಣನು, ಎರಡೇ ಶ್ಲೋಕಗಳ ತರುವಾಯ, ಹೇಳಿದುದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡು ಎಂದು ಅರ್ಜುನನಿಗೇ ನಿರ್ಣಯವನ್ನು ಬಿಡುತ್ತಾನೆ. ಗೊಂಬೆಗೆ ವಿಮರ್ಶೆಯೆಂತು? ವಿಮರ್ಶಿಸಬಲ್ಲವನು ಗೊಂಬೆಯೆಂತು? ನಡುವಿರುವ ಶ್ಲೋಕವು ಶರಣಾಗತಿಯನ್ನು ಬೋಧಿಸುವುದರಿಂದ, ಶರಣಾಗುವ ಸಾಮರ್ಥ್ಯವಾದರೂ ಜೀವನದಾಗಿರಬೇಕೆಂದು ಕೆಲವರು, ಅದೂ ಈಶ್ವರದತ್ತವೇ ಎಂದು ಇನ್ನು ಕೆಲವರು ವಾದಿಸಲು ಅವಕಾಶವಾಯಿತು.

ಈ ವಿರೋಧವನ್ನು ಕ್ರಮವಾಗಿ ಎತ್ತಿಕೊಂಡವರು ಬ್ರಹ್ಮಸೂತ್ರಕಾರರು. ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, ಸುಖದುಃಖಗಳನ್ನು ಅಸಮವಾಗಿ ಹಂಚಿದ ಈಶ್ವರನಿಗೆ ಪಕ್ಷಪಾತ ಮತ್ತು ನಿರ್ದಯತೆ ಎಂಬ ಎರಡು ದೋಷಗಳು ತಗಲುವುವೆಂಬ ಆಕ್ಷೇಪವನ್ನು ಮುಂದಿಟ್ಟು, ಅವನು ಜೀವರ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುವನಾದ್ದರಿಂದ ದೋಷವಿಲ್ಲವೆಂದು ಅವರು ಸಮಾಧಾನ ಹೇಳುವರು. ಮೊತ್ತಮೊದಲ ಸೃಷ್ಟಿಗೆ ಮುಂಚೆ ಕರ್ಮವೆಲ್ಲಿತ್ತೆಂದು ಕೇಳಿದರೆ, ಮೊತ್ತಮೊದಲ ಸೃಷ್ಟಿಯೆಂಬುದೇ ಇಲ್ಲ, ಸಂಸಾರವು ಅನಾದಿ ಎಂಬುದು ಉತ್ತರ. ಅದೇ ಅಧ್ಯಾಯದ ಮೂರನೆಯ ಪಾದದಲ್ಲಿ, ವಿಧಿನಿಷೇಧಗಳನ್ನು ಹೇಳುವ ಶಾಸ್ತ್ರವು ಸಾರ್ಥಕವಾಗಬೇಕಾದರೆ ಜೀವನು ಕರ್ತೃವಾಗಿರಲೇಬೇಕೆಂದೂ, ಆದರೆ ಆ ಕರ್ತೃತ್ವವು ಪರಮಾತ್ಮನಿಂದ ಬಂದುದೆಂದೂ, ಪರಮಾತ್ಮನು ಜೀವನ ಪ್ರಯತ್ನವನ್ನು ನೋಡಿಕೊಂಡೇ ಪ್ರೇರಿಸುವನೆಂದೂ ಮೂರು ಹೆಜ್ಜೆಗಳಲ್ಲಿ ನಿರ್ಣಯಿಸಲಾಗಿದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಶೂನ್ಯದಿಂದ ಮನುಷ್ಯನನ್ನು ಸೃಷ್ಟಿಸಿ ಅವನಿಗೆ ಸ್ವತಂತ್ರ ಸಂಕಲ್ಪವನ್ನಿತ್ತ ದೇವರನ್ನು ನಮ್ಮ ವೇದಾಂತಗಳು ಒಪ್ಪುವುದಿಲ್ಲ. ಜೀವರು ಅನಾದಿಗಳಾದುದರಿಂದ, ಅವರನ್ನು ಹೀಗೇಕೆ ಮಾಡಿದನೆಂಬ ಪ್ರಶ್ನೆಯು ಹುಟ್ಟುವ ಮೊದಲೇ ಕಳಚಿಬೀಳುವುದು. ಆದರೆ ಪ್ರಶ್ನೆಯ ತಿರುಳು ಹಾಗೆಯೇ ಉಳಿಯುವುದು: ಸೃಷ್ಟಿಸಲಿಲ್ಲವಾದರೆ ಬೇಡ, ತಡೆಯಬಲ್ಲವನು ತಡೆಯದೆ ಏಕಿದ್ದಾನೆ? ಈ ಜಾಡನ್ನು ಮೊದಲೇ ಹಿಡಿದ ಜೈನರು, ಕರ್ಮವೇ ಎಲ್ಲವನ್ನೂ ಹಂಚುವುದಾದರೆ ನಡುವೆ ಈಶ್ವರನ ಅಗತ್ಯವೇನೆಂದು ಕೇಳಿದರು. ಕರುಣೆಯಿಂದಲೇ ಲೋಕವನ್ನು ಸೃಜಿಸಿದ್ದರೆ ಅದನ್ನು ದುಃಖರಹಿತವಾಗಿ ಏಕೆ ಸೃಜಿಸಲಿಲ್ಲವೆಂದು 9ನೆಯ ಶತಮಾನದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಎತ್ತಿದ ಆಕ್ಷೇಪವು ಇಂದಿಗೂ ಮೊನೆಗೆಟ್ಟಿಲ್ಲ. ಪಂಪನ ಆದಿಪುರಾಣಕ್ಕೆ ಆಕರವಾದುದು ಈ ಜಿನಸೇನರ ಪುರಾಣವೇ. ಹೀಗೆ ಸೃಷ್ಟಿಕರ್ತನನ್ನು ಒಪ್ಪದವರ ಕಾವ್ಯದಿಂದಲೇ ಕನ್ನಡದ ಮಹಾಕಾವ್ಯ ಪರಂಪರೆಯು ಮೊದಲಾಯಿತು.

ಕರ್ಮವಾದದ ಮೇಲೆ ಅದು ಮನುಷ್ಯನನ್ನು ಕೈಕಟ್ಟಿ ಕೂರಿಸುವುದೆಂಬ ಅಪವಾದವು ಬಹುಕಾಲದಿಂದ ಇದೆ. ಇದನ್ನು ಖಂಡಿಸಿದವರಲ್ಲಿ ತೊರಪಲ್ಲಿಯ ರಾಜಗೋಪಾಲಾಚಾರ್ಯರೂ ಒಬ್ಬರು. ವೇದಾಂತವನ್ನು ಕುರಿತ ತಮ್ಮ ಬರೆಹಗಳಲ್ಲಿ ಅವರು, ಕರ್ಮವೆಂಬುದು ಕಾರ್ಯಕಾರಣ ನಿಯಮವೇ ಹೊರತು ಹಣೆಬರೆಹವಲ್ಲ; ಹಿಂದಿನದು ನಮ್ಮನ್ನು ತಂದು ನಿಲ್ಲಿಸಿದ ಸ್ಥಳದಿಂದ ಮುಂದಿನ ಹೆಜ್ಜೆಯನ್ನು ಇಡುವವರು ನಾವೇ ಎಂದು ಪ್ರತಿಪಾದಿಸಿದರು.

ಅದ್ವೈತದ ಸಮಾಧಾನ

ಶಂಕರಾಚಾರ್ಯರು ಈಶ್ವರನನ್ನು ಮಳೆಗೆ ಹೋಲಿಸಿದರು: ಮಳೆಯು ಎಲ್ಲ ಬೀಜಗಳಿಗೂ ಸಮಾನವಾದ ಕಾರಣ, ಬತ್ತ ಬತ್ತವಾಗಿ, ಯವೆ ಯವೆಯಾಗಿ ಬೆಳೆಯುವುದು ಆಯಾ ಬೀಜದ ಶಕ್ತಿಯಿಂದ. ಇಷ್ಟರಿಂದ ವ್ಯವಹಾರದ ಮಟ್ಟಿಗೆ ಪಕ್ಷಪಾತದ ದೋಷವು ಪರಿಹಾರವಾಯಿತು. ಪರಮಾರ್ಥದಲ್ಲಿ ನೋಡುವುದಾದರೆ, ಕರ್ತೃತ್ವವೆಂಬುದೇ ಉಪಾಧಿಯಿಂದ ಆತ್ಮನ ಮೇಲೆ ಆರೋಪಿತವಾದುದು. ಮಾಡುವವನೂ ಇಲ್ಲ, ಮಾಡಿಸುವವನೂ ಇಲ್ಲ. ಪ್ರಶ್ನೆಯು ಯಾವ ಭೇದದ ಮೇಲೆ ನಿಂತಿದೆಯೋ ಆ ಭೇದವನ್ನೇ ಕಿತ್ತುಹಾಕುವ ಈ ಮಾರ್ಗವು ತರ್ಕದೃಷ್ಟಿಯಿಂದ ಅತ್ಯಂತ ನಿಷ್ಕಂಟಕವಾದುದು. ಆದರೆ ಅದು ವಿವರಿಸುವುದು ಪ್ರಶ್ನೆಯ ಕೊನೆಯನ್ನೇ ಹೊರತು ಪ್ರಶ್ನೆಯನ್ನಲ್ಲ: ಅವಿದ್ಯೆಯು ಯಾರಿಗೆ, ಏಕೆ ಬಂದಿತೆಂದು ಕೇಳಿದವನಿಗೆ, ಕೇಳುತ್ತಿರುವ ನಿನಗೇ ಎಂಬ ಉತ್ತರವು ಬಾಯಿ ಮುಚ್ಚಿಸುವಷ್ಟು ಮನಸ್ಸನ್ನು ಒಪ್ಪಿಸುವುದಿಲ್ಲ. ಪ್ರೀತಿಸುವ ದೇವರನ್ನು ಕುರಿತು ಕೇಳಿದವನಿಗೆ, ಪ್ರೀತಿಸುವವನೂ ಪ್ರೀತಿಪಾತ್ರನೂ ಕಡೆಗೆ ಉಳಿಯುವುದಿಲ್ಲವೆಂಬ ಮಾತು ಸಮಾಧಾನವೆಂದು ತೋರದಿರುವುದೂ ಸಹಜವೇ.

ಮೇಲುಕೋಟೆಯ ದಾರಿ: ಅನುಮತಿ ಮತ್ತು ಕೃಪೆ

ಪ್ರೀತಿಯನ್ನು ಬಿಡದೆ ಉತ್ತರ ಹೇಳಲು ಹೊರಟವರು ರಾಮಾನುಜಾಚಾರ್ಯರು. ಶ್ರೀಭಾಷ್ಯದಲ್ಲಿ ಅವರು ಕೊಡುವ ದೃಷ್ಟಾಂತವು ದೇವಾಲಯದಿಂದ ಬಂದುದಲ್ಲ, ಆಸ್ತಿಯ ವ್ಯವಹಾರದಿಂದ ಬಂದುದು. ಇಬ್ಬರಿಗೆ ಸಾಮಾನ್ಯವಾದ ಸ್ವತ್ತೊಂದುಂಟು; ಅವರಲ್ಲಿ ಒಬ್ಬನು ಅದನ್ನು ಮೂರನೆಯವನಿಗೆ ವಹಿಸಿಕೊಡಬೇಕಾದರೆ ಮತ್ತೊಬ್ಬನ ಒಪ್ಪಿಗೆಯಿಲ್ಲದೆ ಆಗದು. ಆದರೂ ಒಪ್ಪಿಗೆ ಪಡೆದು ಪರಭಾರೆ ಮಾಡಿದವನು ಒಬ್ಬನೇ ಆದುದರಿಂದ ಅದರ ಫಲವೂ ಅವನಿಗೇ ಸೇರುವುದು. ಜೀವನ ಕರ್ಮವು ಇಂಥದು: ದೇಹ, ಇಂದ್ರಿಯ, ಬುದ್ಧಿ, ಶಕ್ತಿಗಳನ್ನು ಕೊಟ್ಟು ಒಳಗೆ ನಿಂತ ಅಂತರ್ಯಾಮಿಯು ಜೀವನ ಮೊದಲ ಪ್ರಯತ್ನವನ್ನು ನೋಡಿ ಅನುಮತಿ ಕೊಡುವನು, ಅನುಮತಿಯಿಲ್ಲದೆ ಬೆರಳೂ ಅಲುಗದು, ಆದರೆ ಮಾಡಿದ ಹೊಣೆ ಮಾಡಿದವನದು.

ಈ ದೃಷ್ಟಾಂತದ ಬಲವನ್ನು ಯಾವ ನ್ಯಾಯವಾದಿಯೂ ಮೆಚ್ಚಿಯಾನು. ಹಾಗೆಯೇ ಅದರ ದುರ್ಬಲತೆಯನ್ನೂ ಅವನೇ ಮೊದಲು ಕಂಡಾನು. ಸಹಪಾಲುಗಾರನು ಸ್ವತ್ತನ್ನು ಹಾಳುಮಾಡಲು ಹೊರಟಿರುವುದನ್ನು ತಿಳಿದೂ ತಿಳಿದೂ ಕ್ರಯಪತ್ರಕ್ಕೆ ರುಜು ಹಾಕಿದವನು ತನಗೇನೂ ಸಂಬಂಧವಿಲ್ಲವೆಂದು ಹೇಳಬಹುದೆ? ರಾಮಾನುಜರು ಈ ಆಕ್ಷೇಪವನ್ನು ಅಡಗಿಸಿಡುವುದಿಲ್ಲ. ಪಾಪದಿಂದ ನಿವರ್ತಿಸಲು ಶಕ್ತನಾಗಿದ್ದೂ ಅನುಮತಿಸುವುದರಿಂದ ನಿರ್ದಯತೆಯು ಬಾರದೆಂದು ಸ್ಪಷ್ಟವಾಗಿಯೇ ಹೇಳಿ, ಅದಕ್ಕೆ ಬೇಕಾದ ಉಪಪತ್ತಿಯನ್ನು ಸಾಂಖ್ಯಮತದ ಪರೀಕ್ಷೆಯಲ್ಲಿ ಕೊಟ್ಟಿದ್ದಾರೆ: ಶಾಸನವನ್ನು ಮೀರಿದವರ ದುಃಖವನ್ನೆಲ್ಲ ವಿಚಾರಿಸದೆ ತೊಡೆದುಹಾಕುವುದಷ್ಟೇ ದಯೆಯಲ್ಲ, ನಿಗ್ರಹವೂ ದಯೆಯ ಒಂದು ಮುಖ.

ಮುಂದಿನ ಎರಡು ಶತಮಾನಗಳಲ್ಲಿ ಈ ಮೊದಲ ಪ್ರಯತ್ನದ ವಿಷಯವೇ ಶ್ರೀವೈಷ್ಣವರನ್ನು ಎರಡು ಕವಲಾಗಿ ಒಡೆಯಿತು. ಭಗವಂತನ ಕೃಪೆಯು ನಿರ್ಹೇತುಕ, ಜೀವನು ಮಾಡಬೇಕಾದುದು ಅದನ್ನು ತಡೆಯದಿರುವುದಷ್ಟೇ ಎಂದು ಶ್ರೀವಚನಭೂಷಣದ ಕರ್ತೃ ಪಿಳ್ಳೈ ಲೋಕಾಚಾರ್ಯರು ಹೇಳಿದರು. ಇವರ ಪರಂಪರೆ ತೆಂಗಲೆ. ಕಾರಣವಿಲ್ಲದೆ ಒಬ್ಬನನ್ನು ಎತ್ತಿ ಇನ್ನೊಬ್ಬನನ್ನು ಬಿಟ್ಟರೆ ಪಕ್ಷಪಾತದ ಹಳೆಯ ದೋಷವು ಮರಳಿ ಬರುವುದಾದ್ದರಿಂದ, ಎಷ್ಟು ಅಲ್ಪವಾದರೂ ಸರಿ, ಜೀವನ ಕಡೆಯಿಂದ ಒಂದು ವ್ಯಾಜವು, ಎಂದರೆ ನೆಪವು, ಬೇಕೆಂದು ವೇದಾಂತ ದೇಶಿಕರು ಹೇಳಿದರು. ಇವರ ಪರಂಪರೆ ವಡಗಲೆ. ತಾಯಿಬೆಕ್ಕು ಕಚ್ಚಿಕೊಂಡೊಯ್ಯುವ ಮರಿಯೆಂದೂ, ತಾಯಿಕೋತಿಯನ್ನು ತಾನೇ ಅಪ್ಪಿಹಿಡಿಯುವ ಮರಿಯೆಂದೂ ಈ ಎರಡು ಪಕ್ಷಗಳನ್ನು ಶಾಸ್ತ್ರದಲ್ಲಿ ಮಾರ್ಜಾಲಕಿಶೋರ, ಮರ್ಕಟಕಿಶೋರ ನ್ಯಾಯಗಳಾಗಿ ಹೆಸರಿಸಿದ್ದಾರೆ. 14ನೆಯ ಶತಮಾನದಲ್ಲಿ ಶ್ರೀರಂಗವು ಸೂರೆಯಾದಾಗ ದೇಶಿಕರು ಶ್ರೀಭಾಷ್ಯದ ವ್ಯಾಖ್ಯಾನವಾದ ಶ್ರುತಪ್ರಕಾಶಿಕೆಯ ಪ್ರತಿಯನ್ನು ಕಾಪಾಡಿ ತಂದು ಕೊಳ್ಳೇಗಾಲದ ಬಳಿಯ ಸತ್ಯಗಾಲದಲ್ಲಿ ವರ್ಷಗಟ್ಟಲೆ ನೆಲಸಿದ್ದರೆಂದು ಪರಂಪರೆಯು ಹೇಳುತ್ತದೆ. ಊರಿಗೆ ಊರೇ ಹತವಾದುದನ್ನು ಕಂಡವರು ಜೀವನ ಹೊಣೆಯನ್ನು ಬಿಟ್ಟುಕೊಡಲಿಲ್ಲವೆಂಬುದು ಅವರ ಮತದ ಗಾಂಭೀರ್ಯಕ್ಕೆ ಸಾಕ್ಷಿ.

ಮಾಧ್ವಮತ ಮತ್ತು ದಾಸರ ದತ್ತ ಸ್ವಾತಂತ್ರ್ಯ

ಮಧ್ವಾಚಾರ್ಯರ ತತ್ತ್ವವಿಭಾಗವು ಮೊದಲ ಸಾಲಿನಲ್ಲಿಯೇ ಪ್ರಶ್ನೆಯನ್ನು ನೇರವಾಗಿ ಎದುರಿಸುವುದು: ತತ್ತ್ವವು ಎರಡು ಬಗೆ, ಸ್ವತಂತ್ರ ಮತ್ತು ಅಸ್ವತಂತ್ರ, ಸ್ವತಂತ್ರನು ವಿಷ್ಣುವೊಬ್ಬನೇ. ಹಾಗಾದರೆ ಜೀವನ ಸ್ವಾತಂತ್ರ್ಯವೆಂಬ ಮಾತಿಗೆ ಅರ್ಥವೇನು? ಜೀವನು ಕರ್ತೃವೆಂಬುದು ಸತ್ಯ, ಮಿಥ್ಯೆಯಲ್ಲ. ಆದರೆ ಆ ಕರ್ತೃತ್ವವು ಪರಾಧೀನ. ಜೀವರು ಅನಾದಿಯಿಂದಲೇ ಒಬ್ಬೊಬ್ಬರು ಒಂದೊಂದು ಸ್ವಭಾವದವರು, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ತಾರತಮ್ಯವುಳ್ಳವರು. ಆ ಸ್ವಭಾವವನ್ನು ದೇವರು ಹೊಸದಾಗಿ ಹಾಕಿದವನಲ್ಲ, ಇದ್ದುದನ್ನು ಪ್ರಕಟವಾಗಿಸುವವನು.

ಈ ಮತವು ದೇವರ ಜ್ಞಾನವನ್ನೂ ಶಕ್ತಿಯನ್ನೂ ಒಂದು ಕೂದಲೆಳೆಯಷ್ಟೂ ಕುಂದಿಸುವುದಿಲ್ಲ. ಲೋಕದಲ್ಲಿ ಕಾಣುವ ಜೀವವೈವಿಧ್ಯವನ್ನು, ಒಂದೇ ಮನೆಯ ಒಂದೇ ಊಟದಲ್ಲಿ ಬೆಳೆದ ಇಬ್ಬರು ಎರಡು ದಾರಿ ಹಿಡಿಯುವುದನ್ನು, ಇದರಷ್ಟು ಚೆನ್ನಾಗಿ ವಿವರಿಸುವ ಮತ ಬೇರೊಂದಿಲ್ಲ. ಇದರ ಬೆಲೆಯೂ ಅಷ್ಟೇ ಭಾರವಾದುದು. ಎಂದೆಂದಿಗೂ ಮುಕ್ತಿಯ ಯೋಗ್ಯತೆಯಿಲ್ಲದ ಜೀವರುಂಟೆಂದು ಒಪ್ಪಿದ ಮೇಲೆ, ಅವರ ಪಾಲಿಗೆ ದೇವರ ದಯೆಯೆಂದರೆ ಏನು? ಮಾಧ್ವ ಪಂಡಿತರು ಇದಕ್ಕೆ, ಬೇವನ್ನು ಬೇವಾಗಿ ಬೆಳೆಯಿಸುವುದು ಅನ್ಯಾಯವಲ್ಲವೆಂದು ಉತ್ತರ ಕೊಡುವರು. ಕೇಳುವವನು ಬೇವಾಗಿರದಿದ್ದರೆ ಉತ್ತರವು ಸಾಕಾದೀತು.

ಆದರೆ ಈ ಮತದ ಭಕ್ತಿಯು ಅದರ ತರ್ಕದಷ್ಟು ಕಠಿನವಲ್ಲ. ಮಾನ್ವಿಯ ಜಗನ್ನಾಥದಾಸರು, 1809ರಲ್ಲಿ ದೇಹತ್ಯಾಗ ಮಾಡಿದವರು, ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಹರಿಕಥಾಮೃತಸಾರವು ಸಂಸ್ಕೃತದ ಈ ವಾದವನ್ನೆಲ್ಲ ಕನ್ನಡದ ಮನೆಮನೆಗೂ ತಲಪಿಸಿತು. ಅದರಲ್ಲಿ ಎರಡನೆಯದಾಗಿ ಕರುಣಾಸಂಧಿಯಿದೆ. ಬಹಳ ಮುಂದೆ ದತ್ತಸ್ವಾತಂತ್ರ್ಯ ಸಂಧಿ, ಸ್ವಗತಸ್ವಾತಂತ್ರ್ಯ ಸಂಧಿ ಎಂಬ ಎರಡು ಸಂಧಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹರಿಗೆ ಸ್ವಗತವಾದ ಸ್ವಾತಂತ್ರ್ಯವೇ ಬೇರೆ, ಹರಿಯು ಜೀವನಿಗೆ ಕೊಟ್ಟ ಸ್ವಾತಂತ್ರ್ಯವೇ ಬೇರೆ. ಕೊಟ್ಟದ್ದಾದುದರಿಂದ ಅದಕ್ಕೆ ಮಿತಿಯುಂಟು. ಕೊಟ್ಟದ್ದು ನಿಜವಾದುದರಿಂದ ಪಡೆದವನಿಗೆ ಹೊಣೆಯುಂಟು. ಕರುಣೆಯನ್ನು ಮೊದಲಿಗಿರಿಸಿ ಸ್ವಾತಂತ್ರ್ಯವನ್ನು ಅನಂತರ ಚರ್ಚಿಸಿದ ಈ ಅನುಕ್ರಮವು ಪಠನ ಮಾಡುವ ಭಕ್ತನ ಮನಸ್ಸನ್ನು ಹದಗೊಳಿಸುವ ರೀತಿಯು ಬೇರೆಯೇ: ಕೈಹಿಡಿದವನು ಯಾರೆಂದು ತಿಳಿದ ಮೇಲಷ್ಟೇ ಕೈಬಿಟ್ಟನೇಕೆಂದು ಕೇಳಲು ಅಲ್ಲಿ ಅವಕಾಶ.

ಶರಣರ ಪಕ್ಷ: ಭಕ್ತಿಗೆ ಇಬ್ಬರು ಬೇಕು

ಅನಾದಿಯೆಂಬ ಆಶ್ರಯವನ್ನು ಬಿಟ್ಟು, ಒಂದು ಎರಡಾದುದೇಕೆಂಬ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡವರು ವೀರಶೈವ ತಾತ್ತ್ವಿಕರು. 15ನೆಯ ಶತಮಾನದ ಮಗ್ಗೆಯ ಮಾಯಿದೇವನ ಅನುಭವಸೂತ್ರದ ಪ್ರಕಾರ, ಒಂದೇ ಆದ ಸ್ಥಲವು ತನ್ನ ಶಕ್ತಿಯ ಚಲನೆಯಿಂದ ಲಿಂಗಸ್ಥಲ, ಅಂಗಸ್ಥಲ ಎಂದು ಎರಡಾಗುವುದು. ಒಂದು ಉಪಾಸ್ಯ, ಇನ್ನೊಂದು ಉಪಾಸಕ. ಭಕ್ತಿಯೆಂಬುದು ನಡೆಯಬೇಕಾದರೆ ಇಬ್ಬರು ಬೇಕು. ಇಬ್ಬರಲ್ಲಿ ಒಬ್ಬನು ಬರಿಯ ನೆರಳಾಗಿದ್ದರೆ ಭಕ್ತಿಯು ನಾಟಕವಾಗುವುದು. ಪ್ರೀತಿಗಾಗಿ ಸ್ವಾತಂತ್ರ್ಯವೆಂದು ಇಂದಿನ ಕ್ರೈಸ್ತ ಚಿಂತಕರು ಹೇಳುವ ಮಾತಿಗೆ ನಮ್ಮ ನಾಡಿನಲ್ಲಿ ಇದಕ್ಕಿಂತ ಸಮೀಪವಾದ ಸಿದ್ಧಾಂತವಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಎತ್ತಿಹಿಡಿದು, ಹುಟ್ಟಿನಿಂದ ಬಂದ ಕೀಳುಮೇಲುಗಳನ್ನು ಪೂರ್ವಕರ್ಮದ ನೆಪದಿಂದ ಸಮರ್ಥಿಸುವುದಕ್ಕೆ ಒಡಂಬಡದೆ ಹೋದುದರಲ್ಲಿಯೂ ಮನುಷ್ಯಪ್ರಯತ್ನದ ಮೇಲಣ ಈ ನಂಬುಗೆಯೇ ಕಾಣುತ್ತದೆ. ಆದರೆ ಲಿಂಗವು ತನ್ನ ಲೀಲೆಗಾಗಿ ಎರಡಾಯಿತೆಂದಾಗ, ಆಟವಾಡಿದವನು ಒಬ್ಬ, ನೊಂದವನು ಇನ್ನೊಬ್ಬ ಎಂಬ ಆಕ್ಷೇಪವು ಎದ್ದೇ ಏಳುವುದು. ನೊಂದವನೂ ಕಡೆಗೆ ಲಿಂಗವೇ ಎಂಬುದು ಅವರ ಉತ್ತರ.

ಕ್ರೈಸ್ತ ಮತ್ತು ಇಸ್ಲಾಂ ಚಿಂತನೆ

ಶೂನ್ಯದಿಂದ ಸೃಷ್ಟಿಯನ್ನು ಒಪ್ಪುವ ಮತಗಳಿಗೆ ಅನಾದಿ ಕರ್ಮದ ಆಸರೆ ಇಲ್ಲ; ಆದುದರಿಂದ ಅಲ್ಲಿ ಪ್ರಶ್ನೆಯು ಇನ್ನೂ ಕಟುವಾಯಿತು. ಸಂತ ಆಗಸ್ಟೀನನು ಸ್ವತಂತ್ರ ಸಂಕಲ್ಪವನ್ನು ಕುರಿತು 388ರಿಂದ 395ರವರೆಗೆ ರಚಿಸಿದ ಸಂವಾದಗ್ರಂಥದಲ್ಲಿ, ಪಾಪಕ್ಕೆ ಕಾರಣ ದೇವರಲ್ಲ, ಸಂಕಲ್ಪದ ದುರುಪಯೋಗ; ಸಂಕಲ್ಪವಿಲ್ಲದೆ ಒಳ್ಳೆಯ ಬಾಳೂ ಅಸಾಧ್ಯವಾದುದರಿಂದ ಅದನ್ನು ಕೊಟ್ಟುದು ಒಳ್ಳೆಯದೇ ಎಂದು ವಾದಿಸಿದನು. ಆದರೆ ಮನುಷ್ಯನು ತನ್ನ ಬಲದಿಂದಲೇ ಒಳ್ಳೆಯವನಾಗಬಲ್ಲನೆಂದು ಪೆಲೇಜಿಯಸ್ ಹೇಳಿದಾಗ, ಅದೇ ಆಗಸ್ಟೀನನು ಕೃಪೆಯ ಪಕ್ಷಕ್ಕೆ ವಾಲಿದನು. ಸಾವಿರ ವರ್ಷಗಳ ತರುವಾಯ ಇದೇ ವ್ಯಾಜ್ಯವು ಮತ್ತೆ ಎದ್ದಿತು: 1524ರಲ್ಲಿ ಎರಾಸ್ಮಸನು ಸ್ವತಂತ್ರ ಸಂಕಲ್ಪವನ್ನು ಸಮರ್ಥಿಸಿ ಬರೆಯಲು, ಮರುವರ್ಷವೇ ಲೂಥರನು ಸಂಕಲ್ಪವು ದಾಸ್ಯದಲ್ಲಿದೆಯೆಂದು ಪ್ರತ್ಯುತ್ತರ ಬರೆದನು. ಲೂಥರನ ಕೃಪೆಗೂ ಲೋಕಾಚಾರ್ಯರ ನಿರ್ಹೇತುಕ ಕೃಪೆಗೂ ಇರುವ ಹೋಲಿಕೆಯು ಓದುಗನ ಕಣ್ಣಿಗೆ ತಾನಾಗಿ ಬೀಳುವುದು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಿಕ್ಕಿಲ್ಲ, ಆದರೂ ಪ್ರಶ್ನೆಯ ಇಳಿಜಾರು ಇಬ್ಬರನ್ನೂ ಒಂದೇ ಕಡೆಗೆ ನಡೆಸಿತು.

ಇಸ್ಲಾಮಿನಲ್ಲಿಯೂ ಹೀಗೆಯೇ. ದೇವರ ನ್ಯಾಯವನ್ನು ಉಳಿಸಲು ಮನುಷ್ಯನೇ ತನ್ನ ಕರ್ಮಗಳ ಕರ್ತೃವೆಂದು ಮುಅತಜಿಲಾ ಪಂಥದವರು ಹೇಳಿದರು. 10ನೆಯ ಶತಮಾನದ ಅಲ್ ಅಶ್‌ಅರಿಯು, ಕರ್ಮವನ್ನು ಸೃಜಿಸುವವನು ದೇವರೇ, ಮನುಷ್ಯನು ಅದನ್ನು ತನ್ನದಾಗಿ ಗಳಿಸಿಕೊಳ್ಳುವನು ಎಂದು ನಡುದಾರಿ ಹಿಡಿದನು.

ಇಪ್ಪತ್ತನೆಯ ಶತಮಾನದಲ್ಲಿ ವಾದವು ಹೊಸ ಹರಿತವನ್ನು ಪಡೆಯಿತು. ಮನುಷ್ಯರು ಕೆಲವು ಸಲ ಸ್ವತಂತ್ರವಾಗಿಯೇ ಒಳಿತನ್ನು ಆರಿಸುವುದು ಸಾಧ್ಯವಿದ್ದರೆ, ಸದಾ ಸ್ವತಂತ್ರವಾಗಿಯೇ ಒಳಿತನ್ನು ಆರಿಸುವಂಥವರನ್ನು ದೇವರು ಏಕೆ ಸೃಷ್ಟಿಸಲಿಲ್ಲವೆಂದು ಜೆ. ಎಲ್. ಮ್ಯಾಕಿ 1955ರಲ್ಲಿ ಕೇಳಿದನು. ಸ್ವತಂತ್ರರಾದವರು ಏನನ್ನು ಆರಿಸುವರೆಂಬುದು ಅವರನ್ನೇ ಅವಲಂಬಿಸಿರುವುದರಿಂದ, ತಾರ್ಕಿಕವಾಗಿ ಸಾಧ್ಯವಾದ ಪ್ರತಿಯೊಂದು ಲೋಕವನ್ನೂ ವಾಸ್ತವವಾಗಿಸುವುದು ಸರ್ವಶಕ್ತನಿಗೂ ಶಕ್ಯವಲ್ಲದಿರಬಹುದೆಂದು ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಉತ್ತರಿಸಿದನು. ಈ ಉತ್ತರವು ದೇವರೂ ಕೆಡುಕೂ ಒಟ್ಟಿಗೆ ಇರುವುದು ಸ್ವವಿರೋಧವಲ್ಲವೆಂದು ತೋರಿಸಿತೆಂಬುದನ್ನು ಪ್ರತಿಪಕ್ಷದವರಲ್ಲಿಯೂ ಹಲವರು ಒಪ್ಪುವರು. ಆದರೆ ಇಷ್ಟೊಂದು ಕೆಡುಕು ಏತಕ್ಕೆಂದು ಅದು ಹೇಳುವುದಿಲ್ಲ. ಜಾನ್ ಹಿಕ್ 1966ರಲ್ಲಿ, ಎರಡನೆಯ ಶತಮಾನದ ಐರೀನಿಯಸನ ಸೂಚನೆಯನ್ನು ಬೆಳೆಸಿ, ಲೋಕವು ಸುಖದ ತೋಟವಲ್ಲ, ಅಪಕ್ವವಾದ ಜೀವಗಳು ಪಕ್ವವಾಗುವ ಸ್ಥಾನವೆಂದು ಪ್ರತಿಪಾದಿಸಿದನು.

ಬಲ್ಲವನು ಏಕೆ ಕೇಳುವನು?

ಸರ್ವಜ್ಞತೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ನೋಡಬೇಕು. ನಾಳೆ ನಾನು ಏನು ಮಾಡುವೆನೆಂಬುದು ಇಂದೇ ಒಬ್ಬನಿಗೆ ತಪ್ಪಿಲ್ಲದೆ ಗೊತ್ತಿದ್ದರೆ, ನಾಳೆ ಬೇರೆಯದನ್ನು ಮಾಡಲು ನನಗೆ ಸಾಧ್ಯವೆ? ಆರನೆಯ ಶತಮಾನದ ಆದಿಯಲ್ಲಿ ಸೆರೆಮನೆಯಲ್ಲಿದ್ದ ಬೊಯೇಥಿಯಸನು, ದೇವರು ಕಾಲಾತೀತನಾದುದರಿಂದ ಅವನಿಗೆ ನಾಳೆಯೆಂಬುದಿಲ್ಲ; ಎಲ್ಲವನ್ನೂ ಈಗಲೇ ಎಂಬಂತೆ ಕಾಣುವನು; ಕಾಣುವುದರಿಂದ ಕಂಡದ್ದು ಬಲವಂತವಾಗುವುದಿಲ್ಲ ಎಂದನು. ಸ್ಪೇನಿನ ಮೊಲೀನನು 1588ರಲ್ಲಿ, ಯಾವ ಸನ್ನಿವೇಶದಲ್ಲಿ ಯಾವ ಜೀವನು ಸ್ವತಂತ್ರವಾಗಿ ಏನನ್ನು ಮಾಡುವನೆಂಬ ಮಧ್ಯಮ ಜ್ಞಾನವೊಂದನ್ನು ದೇವರಿಗೆ ಕಲ್ಪಿಸಿದನು. ಇತ್ತೀಚೆಗೆ ಕೆಲವು ಕ್ರೈಸ್ತ ಚಿಂತಕರು, ಇನ್ನೂ ನಡೆಯದ ಸ್ವತಂತ್ರ ಕ್ರಿಯೆಯಲ್ಲಿ ತಿಳಿಯಲು ಏನೂ ಇಲ್ಲವಾದ್ದರಿಂದ, ದೇವರೂ ಅದನ್ನು ಮುಂದಾಗಿ ತಿಳಿಯನೆಂದು ಹೇಳುವ ಧೈರ್ಯ ಮಾಡಿದ್ದಾರೆ. ಮೊದಲನೆಯವನು ದಯೆಯ ಪ್ರಶ್ನೆಯನ್ನು ಮುಟ್ಟಲಿಲ್ಲ. ಎರಡನೆಯವನು ಅದನ್ನು ಹೆಚ್ಚು ತೀಕ್ಷ್ಣಗೊಳಿಸಿದನು, ಏಕೆಂದರೆ ಕೆಡುವನೆಂದು ಬಲ್ಲವನನ್ನೇ ಕೆಡುವ ಸನ್ನಿವೇಶದಲ್ಲಿ ನಿಲ್ಲಿಸಿದಂತಾಯಿತು. ಕೊನೆಯವರು ಸರ್ವಜ್ಞತೆಯನ್ನು ಸಡಿಲಿಸಿ ಮಿಕ್ಕೆರಡನ್ನು ಉಳಿಸಿಕೊಂಡರು.

ಮಹಾಭಾರತದ ಉದ್ಯೋಗಪರ್ವದಲ್ಲಿ ಇದೇ ವಿಚಾರವು ಕಥೆಯ ರೂಪದಲ್ಲಿದೆ. ಸಂಧಿಗಾಗಿ ಹಸ್ತಿನಾವತಿಗೆ ಬಂದ ಕೃಷ್ಣನನ್ನು ಕುರಿತು ವಿದುರನು, ದುರ್ಯೋಧನನು ಒಪ್ಪುವವನಲ್ಲ, ಈ ಸಭೆಯ ನಡುವೆ ನೀನು ಬಂದುದೇ ಸರಿಯಲ್ಲವೆಂದು ರಾತ್ರಿ ಏಕಾಂತದಲ್ಲಿ ಹೇಳುವನು. ಕೃಷ್ಣನು ತನಗೂ ಅವನ ದುರುಳತನವು ಗೊತ್ತಿದೆಯೆಂದೇ ಒಪ್ಪಿಕೊಂಡು, ಆದರೂ ಶಕ್ತಿಯಿದ್ದಷ್ಟೂ ಪ್ರಯತ್ನಿಸದಿದ್ದರೆ ತಡೆಯಬಲ್ಲವನು ತಡೆಯಲಿಲ್ಲವೆಂದು ಲೋಕವು ಆಡಿಕೊಂಡೀತೆಂದು ಉತ್ತರ ಕೊಡುವನು. ಮರುದಿನ ಸಭೆಯಲ್ಲಿ ಅವನು ಆಡುವ ಮಾತಿನಲ್ಲಿ ಬೂಟಾಟಿಕೆಯ ಸೋಂಕಿಲ್ಲ. ಉತ್ತರವು ಗೊತ್ತಿದ್ದರೂ ಕೇಳಿಕೆಯು ನಿಜವಾದುದೇ. ಫಲವನ್ನು ಬಲ್ಲವನು ಎದುರಿಗಿರುವವನ ನಿರ್ಣಯ ಮಾಡುವ ಹಕ್ಕನ್ನು ಗೌರವಿಸಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ದೊರೆಯದು. ಆದರೆ ಆ ಗೌರವದ ಫಲವಾಗಿ ಕುರುಕ್ಷೇತ್ರದಲ್ಲಿ ಸತ್ತವರು ಹದಿನೆಂಟು ಅಕ್ಷೌಹಿಣಿ. ಅವರಲ್ಲಿ ದುರ್ಯೋಧನನು ಒಬ್ಬನೇ ಒಬ್ಬನು.

ಇನ್ನೂ ನಿರ್ಣಯವಾಗದವು

ಮೇಲಿನ ಮತಗಳನ್ನು ಒಟ್ಟಾಗಿ ನೋಡಿದರೆ, ಸ್ವಾತಂತ್ರ್ಯವಿಲ್ಲದೆ ಪ್ರೀತಿಯೂ ಧರ್ಮವೂ ಅರ್ಥಹೀನವೆಂಬುದನ್ನು ಅದ್ವೈತದ ಪರಮಾರ್ಥವೊಂದನ್ನುಳಿದು ಹೆಚ್ಚಿನವರೆಲ್ಲರೂ ಯಾವುದೋ ಒಂದು ರೂಪದಲ್ಲಿ ಒಪ್ಪಿರುವರು. ಒಪ್ಪಿಗೆಯು ಅಲ್ಲಿಗೆ ನಿಲ್ಲುವುದು. ನಾಲ್ಕು ವಿಷಯಗಳು ಹಾಗೆಯೇ ಉಳಿದಿವೆ.

ಮೊದಲನೆಯದು, ಮೊದಲ ಪ್ರಯತ್ನದ ಮೂಲ. ಈಶ್ವರನು ಅನುಮತಿಸುವ ಮುನ್ನ ಜೀವನಲ್ಲಿ ಮೂಡುವ ಆ ಒಲವು ಎಲ್ಲಿಂದ ಬಂದಿತು? ಹಿಂದಿನ ವಾಸನೆಯಿಂದ ಎಂದರೆ, ಆ ವಾಸನೆಯು ಇನ್ನೂ ಹಿಂದಿನ ಒಲವಿನಿಂದ. ಈ ಸರಪಳಿಯು ಅನಾದಿಯೆಂದರೆ ಅದಕ್ಕೆ ತುದಿಯಿಲ್ಲವೆಂದಾಯಿತೇ ಹೊರತು ಅದನ್ನು ಹಿಡಿದಿರುವ ಕೈ ಯಾವುದೆಂದು ತಿಳಿಯಲಿಲ್ಲ. ನಾವು ನಿರ್ಧರಿಸಿದೆವೆಂದು ನಮಗೆ ಅರಿವಾಗುವ ಮುಂಚೆಯೇ ಮೆದುಳಿನಲ್ಲಿ ಸಿದ್ಧತೆಯ ಸಂಜ್ಞೆ ಏಳುವುದೆಂದು 1983ರಲ್ಲಿ ಬೆಂಜಮಿನ್ ಲಿಬೆಟ್ ಪ್ರಕಟಿಸಿದ ಪ್ರಯೋಗಗಳ ಅರ್ಥವು ಇಂದಿಗೂ ವಿವಾದದಲ್ಲಿರುವುದರಿಂದ, ಶಾಸ್ತ್ರಜ್ಞರೂ ಈ ಗಂಟನ್ನು ಬಿಚ್ಚಿದರೆನ್ನಲಾಗದು.

ಎರಡನೆಯದು, ಎಂದೂ ಕೆಡದ ಸ್ವತಂತ್ರರ ಪ್ರಶ್ನೆ. ಶ್ರೀವೈಷ್ಣವರು ಅನಂತ, ಗರುಡ, ವಿಷ್ವಕ್ಸೇನರೇ ಮೊದಲಾದ ನಿತ್ಯಸೂರಿಗಳನ್ನು ಒಪ್ಪುವರು. ಅವರು ಎಂದೂ ಸಂಸಾರಕ್ಕೆ ಬೀಳಲಿಲ್ಲ, ಆದರೂ ಅವರ ಪ್ರೀತಿಯು ಯಂತ್ರದ ಪ್ರೀತಿಯಲ್ಲ. ಹಾಗಾದರೆ ಕೆಡುವ ಸಾಧ್ಯತೆಯಿಲ್ಲದೆಯೂ ಪ್ರೀತಿಯುಂಟೆಂದಾಯಿತು. ಮ್ಯಾಕಿ ಕೇಳಿದಂಥ ಜೀವರು ವೈಕುಂಠದಲ್ಲಿ ಆಗಲೇ ಇದ್ದಾರೆ. ಮುಕ್ತರಾದವರು ಸ್ವತಂತ್ರರಾಗಿಯೇ ಪಾಪಕ್ಕೆ ಅತೀತರೆಂದು ಹೇಳುವ ಎಲ್ಲ ಮತಗಳಿಗೂ, ಆಗಸ್ಟೀನನ ಸ್ವರ್ಗಕ್ಕೂ, ಈ ತೊಡಕು ಒಂದೇ: ಕೊನೆಯಲ್ಲಿ ಸಾಧ್ಯವಾದುದು ಮೊದಲಿನಲ್ಲಿಯೇ ಏಕೆ ಇರಲಿಲ್ಲ? ನಡೆದು ಬಂದ ದಾರಿಯಿಂದಲೇ ಆ ಪ್ರೀತಿಗೆ ಬೆಲೆ ಎಂದರೆ, ನಡೆಯದೆಯೇ ಅಲ್ಲಿರುವ ಗರುಡನ ಪ್ರೀತಿಯು ಕಡಮೆಯದೆನ್ನಬೇಕಾದೀತು. ಅದಕ್ಕೆ ಯಾರೂ ಒಪ್ಪರು.

ಮೂರನೆಯದು, ತಡೆಯ ಅಳತೆ. ದೇವರು ಏನನ್ನೂ ತಡೆಯುವುದಿಲ್ಲವೆಂದು ಭಕ್ತರು ಹೇಳುವುದಿಲ್ಲ. ಗಜೇಂದ್ರನ ಕೂಗಿಗೆ ಓಡಿಬಂದನೆಂದೇ ಹಾಡುವರು. ಹಾಗಾದರೆ ಒಂದು ಕೂಗಿಗೆ ಬಂದು ಇನ್ನೊಂದಕ್ಕೆ ಬಾರದಿರುವುದರ ನಿಯಮವೇನು? ಕೃಪೆಗೆ ಕಾರಣವಿದ್ದರೆ ಅದು ಕೂಲಿಯಾಗುವುದು, ಇಲ್ಲದಿದ್ದರೆ ಪಕ್ಷಪಾತವಾಗುವುದು ಎಂಬ ವಡಗಲೆ ತೆಂಗಲೆಗಳ ವಿವಾದವು ಆರು ಶತಮಾನಗಳನ್ನು ದಾಟಿ ಬಂದಿರುವುದಕ್ಕೆ ಹಟವೊಂದೇ ಕಾರಣವಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗುರುತರವಾದುದು. ಸ್ವಾತಂತ್ರ್ಯವಾದವು ಎಷ್ಟೇ ಸೊಗಸಾಗಿದ್ದರೂ ಅದು ಸಮರ್ಥಿಸುವುದು ಮಾಡಿದವನ ಸ್ಥಿತಿಯನ್ನು, ಅನುಭವಿಸಿದವನ ಸ್ಥಿತಿಯನ್ನಲ್ಲ. ಕುಡುಕನ ಸಂಕಲ್ಪವು ಗೌರವಾರ್ಹವೆಂದು ಒಪ್ಪಿದರೂ, ಏಟು ತಿಂದ ಮಗುವಿನ ಸಂಕಲ್ಪವನ್ನು ಯಾರು ಕೇಳಿದರು? ಆ ಏಟು ಮಗುವಿನ ಪೂರ್ವಕರ್ಮದ ಫಲವೆಂದರೆ ಲೆಕ್ಕವು ಸರಿಹೋಗುವುದು. ಆದರೆ ಹೊಡೆದವನು ಮಗುವಿಗೆ ಸಲ್ಲತಕ್ಕುದನ್ನೇ ಸಲ್ಲಿಸಿದಂತಾಗಿ, ಅವನ ಅಪರಾಧವೂ ಅವನನ್ನು ತಡೆಯಬೇಕಾದ ನಮ್ಮ ಕರ್ತವ್ಯವೂ ಮಸುಕಾಗುವುವು. ಪೂರ್ವಕರ್ಮದ ಫಲವಲ್ಲವೆಂದರೆ, ಒಬ್ಬನ ಆತ್ಮವು ಪಕ್ವವಾಗಲು ಇನ್ನೊಬ್ಬನನ್ನು ಸಾಧನವಾಗಿಸಿದ ದೇವರ ದಯೆಯನ್ನು ಮರಳಿ ವಿಚಾರಿಸಬೇಕಾಗುವುದು. ಪಾನನಿರೋಧದ ಶಾಸನವನ್ನು ಬರೆದವರು ಆರಿಸಿಕೊಂಡದ್ದು ಮಗುವಿನ ಪಕ್ಷವನ್ನು. ವೇದಾಂತದ ಗ್ರಂಥಗಳಲ್ಲಿಯೂ ದೇವತಾಶಾಸ್ತ್ರದ ಗ್ರಂಥಗಳಲ್ಲಿಯೂ ವಾದವು ಬಹುಮಟ್ಟಿಗೆ ಕರ್ತೃವಿನ ಸುತ್ತಲೇ ಸುತ್ತಿದೆ. ಸೂತ್ರಕಾರರು ಎತ್ತಿದ ಪಕ್ಷಪಾತ, ನಿರ್ದಯತೆಗಳೆಂಬ ಎರಡು ದೋಷಗಳಲ್ಲಿ ಮೊದಲನೆಯದಕ್ಕೆ ಕರ್ಮಸಿದ್ಧಾಂತವು ಒಂದು ಬಗೆಯ ಉತ್ತರವನ್ನು ಕೊಟ್ಟಿದೆ. ಎರಡನೆಯದಕ್ಕೆ, ನೊಂದವನ ಕಡೆಯಿಂದ ಹೊರಟು ಅವನ ಮುಂದೆಯೇ ನಿಂತು ಹೇಳಬಹುದಾದ ಉತ್ತರವನ್ನು, ಯಾವ ಮತವೂ ಇನ್ನೂ ಪೂರ್ಣವಾಗಿ ಕೊಟ್ಟಿಲ್ಲ.